ಬೋಳುತಲೆಯ ಬೀಗಿತ್ತಿ

"ಸುಳ್ಳು ಹೇಳಿ ಮಾಡೋ ಮದುವೆ ನಂಗೆ ಬೇಡ! ನಿನ್ನೆ ಕಿಮೋ ಯಾಕಮ್ಮ ತಪ್ಪಿಸ್ದೆ?" ಬಿಂದುಶ್ರೀ ತಾಯಿಯ ಮೇಲೆ ಕೂಗಾಡಿದಳು.

"ನಿಂಗೋಸ್ಕರ ಕಣೇ, ಬಾಯ್ಮುಚ್ಚು! ಭಾನುವಾರ ಗಂಡಿನೋರು ಬತ್ತಾರೆ. ನಾನು ವಾಂತಿ ಮಾಡ್ಕೊಂಡು ಬಿದ್ದಿದ್ರೆ ಏನಂತಾರೆ?" ವಸಂತಮ್ಮನೂ ಬಿಡಲಿಲ್ಲ.

ಬೋಗಾದಿಯ ಆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದ ಮದುವೆ ದಲ್ಲಾಳಿ ಪುಟ್ಟಣ್ಣ ತಲೆದೂಗಿದ. ಉಪಾಯವೆಲ್ಲ ಅವನದೇ. ಮದುವೆ ಗೊತ್ತಾಗುವವರೆಗೆ ಆಸ್ಪತ್ರೆ ಬೇಡ. ಬೋಳುತಲೆ ಯಾಕೆಂದು ಕೇಳಿದರೆ ನಂಜನಗೂಡಿನಲ್ಲಿ ಮುಡಿ ಕೊಟ್ಟೆ ಎನ್ನುವುದು. ವಸಂತಮ್ಮನ ತಾಯಿ, ತಂಗಿ ಇಬ್ಬರೂ ಚಿಕ್ಕ ವಯಸ್ಸಿಗೇ ಇದೇ ಸ್ತನ ಕ್ಯಾನ್ಸರಿನಿಂದ ಹೋದದ್ದನ್ನು ಡಾಕ್ಟರಿಗೂ ಹೇಳದಿರುವುದು.

ಅಷ್ಟರಲ್ಲಿ ಶಾಲಿನಿ ಬಂದಳು. ಆಸ್ಪತ್ರೆಯಲ್ಲಿ ವಸಂತಮ್ಮನ ಪಕ್ಕದ ಮಂಚದ ಗೆಳತಿ. ಚಿಕಿತ್ಸೆ ಪೂರ್ತಿ ಮುಗಿಸಿದ ಅವಳ ತಲೆಯಲ್ಲಿ ಈಗ ಗುಂಗುರು ಕೂದಲು. ಬಿಂದುಶ್ರೀ ಪುಟ್ಟಣ್ಣನ ಉಪಾಯವನ್ನೆಲ್ಲ ಅವಳ ಮುಂದೆ ಒದರಿದಳು.

"ಏನಕ್ಕ, ನಂಜುಂಡೇಶ್ವರನ ಹೆಸರಲ್ಲೂ ಸುಳ್ಳಾ?" ಎಂದು ನಕ್ಕಳು. "ಗಡ್ಡೆ ಸಣ್ಣಗಾಯ್ತು ಅಂತ ನಡುವೆ ಬಿಟ್ರೆ ಮತ್ತೆ ಬೆಳೆದ್ಬುಡುತ್ತೆ. ವಾಂತಿಗೂ ಔಷಧಿ ಕೊಡ್ತಾರೆ, ಡಾಕ್ಟರಿಗೆ ಹೇಳಿ. ಅಮ್ಮ, ತಂಗಿ ವಿಷ್ಯಾನೂ ಹೇಳಿ. ಕೆಲವು ಮನೇಲಿ ಜೀನ್ ದೋಷ ಇರುತ್ತೆ, ಅಪ್ಪನ ಕಡೆಯಿಂದ್ಲೂ ಬರುತ್ತೆ. ಮೊದ್ಲು ನಿಮ್ಮ ರಕ್ತ ಪರೀಕ್ಷೆ ಮಾಡ್ತಾರೆ."

ವಸಂತಮ್ಮ ಮಗಳ ಕೈ ಹಿಡಿದುಕೊಂಡಳು. "ಹಂಗಾರೆ ನನ್ ಮಗಳಿಗೂ ಬಂದ್ಬುಡುತ್ತಾ?"

"ಬಂದೇ ಬರುತ್ತೆ ಅಂತಿಲ್ಲ ಕಣಕ್ಕ. ನಿಮಗೆ ಆ ದೋಷ ಇದ್ರೂ ಅವಳಿಗೆ ಬಂದಿರ್ಬೋದು, ಬರ್ದೇನೂ ಇರ್ಬೋದು. ಬಂದಿದ್ರೂ ಕಾಯಿಲೆ ಬಂತು ಅಂತಲ್ಲ. ಬೇಗ್ಲೇ ತಪಾಸಣೆ ಶುರು ಮಾಡ್ತಾರೆ. ಗೊತ್ತಿದ್ರೆ ತಾನೇ ಅವಳನ್ನ ಕಾಪಾಡೋಕಾಗೋದು?"

"ಸುದ್ದಿ ಊರಿಗೆಲ್ಲ ಹಬ್ಬಿದ್ರೆ ಈ ಹುಡುಗೀನ ಯಾರು ಮಾಡ್ಕೋತಾರೆ?" ಪುಟ್ಟಣ್ಣ ಗುಡುಗಿದ.

ವಸಂತಮ್ಮನ ಕಣ್ಣ ಮುಂದೆ ತಂಗಿಯ ಮುಖ ಬಂತು. ಬಾಯಿ ಬಿಡದೆ, ಎಲ್ಲರಿಂದ ಮುಚ್ಚಿಟ್ಟುಕೊಂಡೇ ಸತ್ತವಳು. ತಲೆ ಮೇಲಿನ ಸೆರಗನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿದಳು.

"ಬೋಳುತಲೆ ಬೀಗಿತ್ತಿ ಬೇಡ ಅನ್ನೋರು ನಮಗೂ ಬೇಡ! ಉಪ್ಪಿಟ್ಟು ಮುಗಿಸಿ ಹೊರಡಿ ಪುಟ್ಟಣ್ಣ. ಬಿಂದು, ಆಟೋ ಕರಿಯೇ. ತಪ್ಪಿದ ಕಿಮೋಗೆ ಇವತ್ತೇ ಹೊಸ ತಾರೀಕು ಕೇಳಾಣ."

ಬಿಂದುಶ್ರೀ ಅಮ್ಮನ ಬೋಳುತಲೆಗೆ ಲೊಚಕ್ಕನೆ ಮುತ್ತು ಕೊಟ್ಟಳು. ಮೂವರೂ ಬಿದ್ದು ಬಿದ್ದು ನಕ್ಕರು.

ಕೇಳಿ, ನಿಮಗೇ ಹೇಳುತ್ತಿರುವುದು. ನಾಲ್ಕು ಜನ ಏನಂತಾರೋ ಎಂದು ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ. ಮನೆತನದಲ್ಲಿ ಯಾರಿಗೆ ಕ್ಯಾನ್ಸರ್ ಆಗಿತ್ತೆಂದು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಮುಚ್ಚಿಡಿ ಎನ್ನುವವರಿಗೆ ಬಾಗಿಲು ತೋರಿಸಿ. ಅವರು ಹೋದರೆ ನಿಮಗೇನೂ ನಷ್ಟವಿಲ್ಲ. ಅವತ್ತು ಚಪ್ಪಲಿ ಮೆಟ್ಟಿಕೊಂಡು ಹೋದ ಪುಟ್ಟಣ್ಣ ಮತ್ತೆ ಆ ಬೀದಿಗೆ ತಲೆ ಹಾಕಿಲ್ಲ.