ಒದ್ದೆ ಬಟ್ಟೆಯಲ್ಲಿ ಬಂದ ಚೂರು

ನನ್ನ ಕೈಗೆ ಹದ ಇರಲಿಲ್ಲ. ಹದಿನಾಲ್ಕು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಸ್ನಾಯುವಿನ ಚೂರನ್ನು ತೆಳ್ಳಗೆ ಕತ್ತರಿಸಿ ಸ್ಲೈಡಿಗೆ ಹಚ್ಚಿದರೂ ನನ್ನ ಪದರಗಳು ಮಡಚಿಕೊಳ್ಳುತ್ತಿದ್ದವು. ಹೊಸಬಳು ಬಂದು ಎಂಟೇ ತಿಂಗಳು. ಅವಳ ಸ್ಲೈಡನ್ನು ಡಾಕ್ಟರಮ್ಮ ಮೈಕ್ರೋಸ್ಕೋಪಿಗಿಟ್ಟು, "ನೋಡಿ, ಕೆಲಸ ಅಂದ್ರೆ ಇದು" ಎಂದು ನನ್ನನ್ನೇ ಕರೆದು ತೋರಿಸುತ್ತಿದ್ದರು.

"ಅಕ್ಕಾ, ಊಟ ಆಯ್ತಾ?" ಎಂದು ಅವಳು ಕೇಳಿದರೂ ನನಗೆ ಉರಿಯುತ್ತಿತ್ತು.

"ಆಯ್ತಮ್ಮಾ. ನಿನ್ನ ಹೊಗಳಿಕೆ ಕೇಳಿಯೇ ಹೊಟ್ಟೆ ತುಂಬ್ತು."

"ಹಾಗಾದ್ರೆ ನಿಮ್ಮ ಡಬ್ಬಿ ನನಗೆ ಕೊಡಿ" ಎಂದು ನಕ್ಕಳು.

ಆ ಮಂಗಳವಾರ ಮೂರು ವರ್ಷದ ಮಗುವಿನ ತೊಡೆಯ ಚೂರು ಬಂತು. ಅವನ ಅಣ್ಣನಿಗೆ ಹನ್ನೊಂದು; ನಡೆಯುವುದು ನಿಂತಿತ್ತು. ಅಣ್ಣನ ಸ್ನಾಯುವೆಲ್ಲ ಕೊಬ್ಬಾಗಿ, ರೋಗ ಯಾವ ಬಗೆಯದೆಂದು ಓದಲು ಏನೂ ಉಳಿದಿರಲಿಲ್ಲ. ತಮ್ಮನಲ್ಲಿ ಈಗಷ್ಟೇ ಶುರು: ಅಲ್ಲೊಂದು ಇಲ್ಲೊಂದು ಎಳೆ ದುಂಡಗೆ ಊದಿರುತ್ತದೆ, ಎಳೆಗಳ ನಡುವೆ ಕೂದಲಷ್ಟು ನಾರು. ಅಷ್ಟು ಕಾಣಬೇಕಾದರೆ ಚೂರು ಕೆಡಬಾರದು.

ಸುತ್ತಿದ್ದ ಬಟ್ಟೆ ತೊಟ್ಟಿಕ್ಕುತ್ತಿತ್ತು. ಬರೀ ತೇವ ಇರಬೇಕಿತ್ತು. ಕತ್ತರಿಸುವ ಮೊದಲು ಚೂರನ್ನು ಹೆಪ್ಪುಗಟ್ಟಿಸುತ್ತೇವೆ; ನೀರು ಕುಡಿದ ಸ್ನಾಯುವನ್ನು ಹಾಗೇ ಹೆಪ್ಪುಗಟ್ಟಿಸಿದರೆ ಒಳಗೆ ಐಸ್ ಹರಳು ಬೆಳೆದು ಜರಡಿಯಾಗುತ್ತದೆ. ಮೊದಲು ಒಣಬಟ್ಟೆಗೆ ಒತ್ತಿ ನೀರು ತೆಗೆಯಬೇಕು. ನಾನು ತೆಗೆಯಲಿಲ್ಲ. ಒದ್ದೆ ಬಟ್ಟೆಯನ್ನು ಕಸಕ್ಕೆ ಹಾಕಿ, ಚೂರನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ತಳ್ಳಿದೆ. ಒಂದು ಸಲವಾದರೂ ಅವಳ ಸ್ಲೈಡು ಕೆಡಲಿ ಅನ್ನಿಸಿತ್ತು.

"ಅಕ್ಕಾ, ನೀರು ಒತ್ತಿ ತೆಗೆದ್ರಾ?"

"ನನಗೇ ಕೆಲಸ ಕಲಿಸ್ತೀಯಾ?"

"ಅಯ್ಯೋ, ಬೈಬೇಡಿ" ಎಂದು ಹೆಪ್ಪುಗಟ್ಟಿಸಿಬಿಟ್ಟಳು.

ಸಂಜೆ ಡಾಕ್ಟರಮ್ಮ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಹೇಳಿದರು: "ಬರೀ ತೂತು. ರೋಗ ಎಷ್ಟು, ಐಸ್ ಎಷ್ಟು, ಏನಂತ ಹೇಳ್ಲಿ? ಆ ಮಗೂನ ಮತ್ತೆ ಕೊಯ್ಬೇಕು. ಯಾರು ಮಾಡಿದ್ದು?"

ಹೊಸಬಳು ನನ್ನ ಕಡೆ ನೋಡಿದಳು. ನಾನು ಸಿಂಕಿನ ಕಡೆ ನೋಡಿದೆ.

"ನಂದೇ ತಪ್ಪು, ಮೇಡಂ."

ಅಷ್ಟು ಸಲೀಸಾಗಿ ಹೇಳಿದಳಲ್ಲ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಮುಂದಿನ ವಾರ ಅವಳನ್ನು ರಕ್ತ ತೆಗೆಯುವ ಕೌಂಟರಿಗೆ ಹಾಕಿದರು. ಅದರ ಮುಂದಿನ ವಾರ ಬಂದ, ಮಗುವಿನ ಇನ್ನೊಂದು ತೊಡೆಯ ಚೂರನ್ನು ನಾನೇ ಒತ್ತಿದೆ, ನಾನೇ ಕತ್ತರಿಸಿದೆ. ಪದರ ಮಡಚಿಕೊಂಡಿತು. ಆದರೂ ಊದಿದ ಎಳೆಗಳು ಕಂಡವು, ರೋಗಕ್ಕೆ ಹೆಸರು ಸಿಕ್ಕಿತು.

ಕಳೆದದ್ದು ಇಷ್ಟು: ಕಡಲೆಕಾಳಿನಷ್ಟು ಸ್ನಾಯು, ಹದಿಮೂರು ದಿನ, ಹದವಿದ್ದ ಎರಡು ಕೈ.