ನೆಲಮಾಳಿಗೆಯ ಹಾಸಿಗೆ

ಹನ್ನೊಂದು ಮನೆಗಳಿಗೆ ಒಂದೇ ಮುಖ. ಇಂಗ್ಲೆಂಡಿನ ಕಡಲ ದಂಡೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಕಟ್ಟಿದ ಸಾಲುಮನೆ. ಮುಂಭಾಗದ ನಕ್ಷೆಯನ್ನಷ್ಟೇ ಕೊಟ್ಟು, ಒಳಗೇನಿತ್ತೆಂದು ಊಹಿಸಿ ನಕ್ಷೆ ಬರೆದು ತನ್ನಿ ಎಂದಿದ್ದರು ಸಾಗರದ ಈಚೆಯ ಕಾಲೇಜಿನ ಡಿಸೈನ್ ಮೇಡಂ. ಉಬ್ಬು ಕಿಟಕಿ, ಕಬ್ಬಿಣದ ಬಾಲ್ಕನಿ, ಕಲ್ಲಿನಂತೆ ಕಾಣಲೆಂದು ಗೀರು ಎಳೆದ ಗಾರೆ. ಎರಡು ಕಿಟಕಿಗಳಂತೂ ಬರೀ ಬಣ್ಣ. ಸಾಲು ತಪ್ಪದಿರಲೆಂದು ಗೋಡೆಯ ಮೇಲೆ ಬಳಿದದ್ದು. ನೇತ್ರಾಳಿಗೆ ಆ ಕಟ್ಟಡದ ಮೇಲೆ ಮೊದಲಿಂದಲೂ ಗುಮಾನಿ.

ಈಗ ಗುಮಾನಿ ಅವಳ ಮೇಲೆಯೇ ಬಂದಿತ್ತು. ಇಡೀ ಕ್ಲಾಸಿನಲ್ಲಿ ಅವಳೂ ಬೆಳಗಾವಿಯ ಉಮಾಶಂಕರನೂ ಮಾತ್ರ ನೆಲಮಾಳಿಗೆಯಲ್ಲಿ ಹಾಸಿಗೆ ಬರೆದಿದ್ದರು. ಅಲ್ಲಿರಬೇಕಾದದ್ದು ಅಡುಗೆಮನೆ, ಕಲ್ಲಿದ್ದಲಿನ ಗೂಡು. ಆಳುಗಳು ಮಲಗುತ್ತಿದ್ದದ್ದು ಅಟ್ಟದಲ್ಲಿ. ಕಾಪಿ ಹೊಡೆದವರು ಯಾರೆಂದು ತಿಳಿಯದಿದ್ದರೆ ಇಬ್ಬರೂ ಫೇಲ್. ಫೇಲಾದರೆ ವೀಸಾದ ಕಥೆಯೂ ಮುಗಿದಂತೆ.

ನೇತ್ರಾ ಮೇಡಂಗೆ ಈಮೇಲ್ ಹಾಕಿಬಿಟ್ಟಳು: ಉಮಾಶಂಕರ ನನ್ನ ಸ್ಕ್ರೀನ್ ನೋಡಿ ಬರೆದದ್ದನ್ನು ಕಂಡಿದ್ದೇನೆ. ಕಂಡಿರಲಿಲ್ಲ. ಆದರೆ ಬೇರೆ ಹೇಗೆ ಸಾಧ್ಯ? ಸೋಮವಾರದೊಳಗೆ ಸಾಕ್ಷಿ ಕೊಡು ಎಂದು ಉತ್ತರ ಬಂತು. ಸಾಕ್ಷಿ ಹುಡುಕಿಕೊಂಡು ಅವಳು ಶನಿವಾರ ಮಧ್ಯಾಹ್ನ, ಉಮಾಶಂಕರ ಬಾಡಿಗೆಗಿದ್ದ ಎಟೋಬಿಕೋಕ್‌ನ ಬಸ್ಸು ಹತ್ತಿದಳು.

ಮನೆಯ ಪಕ್ಕದ ಬಾಗಿಲು, ಅವನ ಬೇಸ್‌ಮೆಂಟಿಗೆ ಇಳಿಯುವ ಕಡಿದಾದ ಮೆಟ್ಟಿಲು.

"ಬಾರವಾ, ರೇಡ್ ಮಾಡಾಕ ಬಂದಿ ಏನು?" ಎಂದ ಉಮಾಶಂಕರ.

"ಖರೇ ಹೇಳು. ನಂದು ನೋಡಿ ಬರದಿ ಹೌದಿಲ್ಲೋ?"

"ಕಾಪಿ ಹೊಡಿಯೂದಾದ್ರ ಶಾಣ್ಯಾರದು ಹೊಡೀತಿದ್ದೆ. ನಿಂದ್ಯಾಕ?"

ಮೇಜಿನ ಮೇಲೆ ಅವನ ನಕ್ಷೆ ಇತ್ತು. ಹಾಸಿಗೆ ಎಡಗೋಡೆಗೆ, ಮೇಲೆ ಗೇಣುದ್ದದ ಕಿಟಕಿ, ಮೂಲೆಯಲ್ಲಿ ಹೀಟರಿನ ಗೂಡು. ನೇತ್ರಾ ತಲೆಯೆತ್ತಿ ರೂಮು ನೋಡಿದಳು. ಎಡಗೋಡೆಗೆ ಹಾಸಿಗೆ. ಗೇಣುದ್ದದ ಕಿಟಕಿ. ಮೂಲೆಯಲ್ಲಿ ಹೀಟರು ಗೊರಗೊರ ಎನ್ನುತ್ತಿತ್ತು.

ಅವಳ ನಕ್ಷೆಯಲ್ಲಿ ಹಾಸಿಗೆ ಮೆಟ್ಟಿಲ ಕೆಳಗಿತ್ತು. ನ್ಯೂಮಾರ್ಕೆಟ್‌ನ ಬಾಡಿಗೆ ಬೇಸ್‌ಮೆಂಟಿನಲ್ಲಿ ಅವಳು ಮಲಗುವುದೂ ಮೆಟ್ಟಿಲ ಕೆಳಗೇ.

"ಬೇಸ್‌ಮೆಂಟ್ ಅಂದ್ರ ಮತ್ತೇನ್ ಬರೀಬೇಕಿತ್ತು? ಇಲ್ಲಿ ಮಂದಿ ಮಲಗೂದಿಲ್ಲೇನು?" ಎಂದ ಅವನು.

"ಟೇಪ್ ಐತೇನು? ಈ ರೂಮ್ ಅಳತಿ ಮಾಡಿ, ಫೋಟೋ ತಗದು ಮೇಡಂಗ ಕಳಸೂಣು."

ಅವನು ಟೇಪಿನ ತುದಿ ಹಿಡಿದು ಗೋಡೆಗೆ ಹೋದ. ಒಂಬತ್ತು ಅಡಿ ನಾಲ್ಕು ಇಂಚು. ಬರೆದುಕೊಳ್ಳುತ್ತಲೇ ನೇತ್ರಾ ಹೇಳಿದಳು:

"ಮೇಡಂಗ ನಿನ್ನ ಮ್ಯಾಲೆ ಈಮೇಲ್ ಹಾಕೀನಿ. ಕಣ್ಣಾರೆ ನೋಡೀನಿ ಅಂತ. ಸುಳ್ಳು. ಅದನ್ನೂ ಈಗ ಬರೀತೀನಿ."

ಅವನು ಟೇಪು ಬಿಟ್ಟ. ಅದು ಸರ್ರನೆ ಅವಳ ಕೈಯೊಳಗೆ ಸುತ್ತಿಕೊಂಡಿತು.

"ಬರಿ. ನನ್ನ ಮುಂದ ಕುಂತು ಬರಿ," ಎಂದು ಜಾಕೆಟ್ ಎಳೆದುಕೊಂಡ. "ಆಮ್ಯಾಲೆ ನಿನ್ನ ರೂಮಿಗೆ ನಡಿ, ಅದನ್ನೂ ಅಳಿಯೂಣು. ನೀ ನಂದು ಕಾಪಿ ಹೊಡದಿಲ್ಲಂತ ನನಗೇನ್ ಗ್ಯಾರಂಟಿ?"