ಬಾವಲಿಯ ಬಾಯಿ

ಅತ್ತೆ ಇನ್ನೊಂದು ಸಲ ಗಂಟು ಬಿಗಿದಳು. ಅಪ್ಪನ ಗಲ್ಲದ ಕೆಳಗಿನಿಂದ ನೆತ್ತಿಗೆ ಸುತ್ತಿದ್ದ ಬಟ್ಟೆ ಮತ್ತೆ ಜಾರಿತು. ಬಾಯಿ ಮೆಲ್ಲಗೆ ತೆರೆದುಕೊಂಡಿತು, ಎಡಗಡೆ ಕೊಂಚ ಹೆಚ್ಚು.

"ಸತ್ತ ಮೇಲೂ ಹಟ ನೋಡು ನಮ್ಮಣ್ಣಂದು," ಎಂದು ಮೂಗು ಒರೆಸಿಕೊಂಡಳು. "ಬಟ್ಟೆ ಬೇರೆ ಒದ್ದೆ, ನಿಲ್ತಾನೇ ಇಲ್ಲ."

ಕಾಲ ಬಳಿ ಕೂತಿದ್ದ ಮಗಳು ತಟ್ಟನೆ ತಲೆಯೆತ್ತಿದಳು. "ಒದ್ದೇನಾ? ಎಲ್ಲಿಂದ ತಂದ್ರಿ ಅತ್ತೆ ಇದನ್ನ?"

"ಅವನ ಕೆಲಸದ ಮೇಜಿನ ಮೇಲಿಂದ. ಯಾವುದೋ ಬಾವಲಿ ಮುಖಕ್ಕೆ ಹೊದಿಸಿದ್ದ. ಅದಕ್ಕೇನು ಚಳೀನಾ?"

ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅದು ಬಿಳಿ ಬಾವಲಿ. ಸತ್ತ ಪ್ರಾಣಿಗಳ ಚರ್ಮ ತುಂಬಿ ಬದುಕಿದಂತೆ ನಿಲ್ಲಿಸುವ ಕಸುಬಿನಲ್ಲೇ ಮುದುಕನಾದ ಅಪ್ಪನೂ ಅಂಥದ್ದನ್ನು ಕಂಡಿರಲಿಲ್ಲ. ಎಲ್ಲೋ ಸತ್ತುಬಿದ್ದಿದ್ದನ್ನು ಶಾಲೆಯ ಮೇಷ್ಟ್ರು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಿದ್ದರು. ಚರ್ಮ ಸುಲಿದು, ಕೊಳೆಯದಂತೆ ಪಟಿಕದ ಪುಡಿ ಸವರಿ, ತಂತಿಗೆ ನೂಲು ಸುತ್ತಿ ಒಡಲು ಮಾಡಿ, ಒಳಗಿಟ್ಟು ಹೊಲಿದವಳು ಅವಳು. ರೆಕ್ಕೆ ಹರಡಿ ಹಲಗೆಗೆ ಗುಂಡುಸೂಜಿ ಚುಚ್ಚಿದವಳೂ ಅವಳೇ. ಮುಖವೊಂದು ಅಪ್ಪನಿಗೆಂದು ಉಳಿದಿತ್ತು. ಅದು ಮೆತ್ತಗಿರಲೆಂದು ಒದ್ದೆ ಬಟ್ಟೆ ಮುಚ್ಚಿ, "ಬೆಳಿಗ್ಗೆ ನೋಡ್ತೀನಿ" ಎಂದು ಮಲಗಿದವನು ಏಳಲಿಲ್ಲ. ಅಷ್ಟು ತೆಳು ತುಟಿ ಒಮ್ಮೆ ಒಣಗಿದರೆ ಮುಗಿಯಿತು, ಮುಟ್ಟಿದರೆ ಹರಿಯುತ್ತದೆ.

ಅವಳು ಎದ್ದಳು.

"ಎಲ್ಲಿಗೇ? ಇನ್ನೇನು ಹೊರಡಿಸ್ತಾರೆ!" ಎಂದಳು ಅತ್ತೆ.

"ಈಗ ಬಂದೆ."

"ಹೆಣ ನಡುಮನೇಲಿಟ್ಕೊಂಡು ಬಾವಲಿಗೆ ಶೃಂಗಾರ ಮಾಡೋಕೆ ಹೊರಟ್ಲಲ್ರೀ!"

"ಬಿಡಮ್ಮ," ಎಂದ ಪಕ್ಕದ ಮನೆಯ ದರ್ಜಿ. "ನಾನು ಸತ್ತ ದಿನ ನನ್ನ ಮಗನೂ ಯಾರದೋ ಕೋಟಿಗೆ ಗುಂಡಿ ಹೊಲೀತಾ ಇರ್ತಾನೆ."

*

ಅವಳಿಗೆ ಆಗಿನ್ನೂ ಎರಡು ಜಡೆ. ಅಪ್ಪ ಹೊರಗೆ ಹೋಗಿದ್ದಾಗ, ಹಾರುವ ಅಳಿಲೊಂದರ ಮುಖವನ್ನು ಕದ್ದು ಮಾಡಿ ಮುಗಿಸಿದ್ದಳು. ಗಾಜಿನ ಮಣಿಯ ಕಣ್ಣು ಕೂಡಿಸಿ, ಶಹಬ್ಬಾಸ್‌ಗಿರಿಗೆ ಕಾದು ಕೂತಿದ್ದಳು. ಅಪ್ಪ ಬಂದು ನೋಡಿದ. ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದ.

"ಹಾಗಲ್ಲ. ಇದು ಹೆದರಿದೆ."

"ಸಾಯೋವಾಗ ಅದು ಹೆದರಿರ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

"ಮುಖ ನಂಗೆ ಬಿಡು."

ಅಷ್ಟೇ. ಅವಳ ತಲೆಯಲ್ಲಿ ನರೆ ಇಣುಕಿತು, ಅವನ ಕೈ ನಡುಗತೊಡಗಿತು, ಆ ಮಾತು ಮಾತ್ರ ಬದಲಾಗಲಿಲ್ಲ. ಹೇಳಿಕೊಡು ಅಂದಾಗಲೆಲ್ಲ "ನೋಡ್ಕೋ" ಅನ್ನುತ್ತಿದ್ದ. ನೋಡಹೋದರೆ ಅವನ ಬೆನ್ನೇ ಅಡ್ಡ.

*

ಆಕಾಶದ ಮೇಲೆ ಮುನಿಸಿಕೊಂಡ ಬಾವಲಿ ಅದಕ್ಕೆ ಕಾಲು ತೋರಿಸಿಕೊಂಡೇ ಮಲಗುತ್ತದೆಂದು ಅಜ್ಜಿ ಕತೆ ಹೇಳುತ್ತಿದ್ದಳು. ಅಂಥದೇ ಮುನಿಸಿನಲ್ಲಿ ಮಗಳು ಮೇಜಿನ ಮುಂದೆ ಕೂತಳು. ಬಿಳಿ ಬಾವಲಿಯ ತುಟಿಯಂಚು ಆಗಲೇ ಬಿರುಸಾಗುತ್ತಿತ್ತು. ನೀರಿಗದ್ದಿದ ಬೆರಳಿನಿಂದ ಸವರಿ, ಸವರಿ, ಅದು ಮಣಿದ ಮೇಲೆ ಕೆನ್ನೆಯೊಳಗೆ ಸಾಸಿವೆಯಷ್ಟು ಜೇಡಿಮಣ್ಣು ತುಂಬಿದಳು. ಮೊಂಡು ಸೂಜಿಯಿಂದ ಅಂಚನ್ನು ಒಳಕ್ಕೆ ಮಡಚಿದಳು. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು.

"ಹೇಳಿಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಗೋಡೆಯಾಚೆಗಿನ ಅಪ್ಪನನ್ನು ಬೈದಳು. ಕಣ್ಣೀರು ಬಿದ್ದರೆ ರೋಮ ಅಂಟಿಕೊಂಡೀತೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ಬಾರೇ, ಎತ್ತುತಾ ಇದಾರೆ!" ಅತ್ತೆ ಬಾಗಿಲು ಬಡಿದಳು. "ಬಾಯಿ ಮುಚ್ಚಲೇ ಇಲ್ಲ ಕಣೇ. ಏನಾದ್ರೂ ಮಾಡು, ನಿನ್ನ ಕಸುಬಲ್ವಾ?"

"ಮುಖದ ಕೆಲಸ ನಂಗೆ ಕಲಿಸಿಲ್ಲ ಅತ್ತೆ. ನಿಮ್ಮಣ್ಣನ್ನೇ ಕೇಳಿ!"

ಕೊನೆಯ ಮಡಿಕೆ ಕೂತಿತು. ಬಂದ ಮೇಲೆ ಮತ್ತೆ ತಿದ್ದಿದರಾಯಿತೆಂದು ಬೇರೊಂದು ಬಟ್ಟೆ ಒದ್ದೆ ಮಾಡಿ, ಹೊದಿಸಲು ಬಾಗಿದವಳು ಹಾಗೆಯೇ ನಿಂತಳು. ಬಾವಲಿಯ ಬಾಯಿ ಎಡಗಡೆ ಕೊಂಚ ಹೆಚ್ಚು ತೆರೆದಿತ್ತು, ಇನ್ನೇನು "ಹಾಗಲ್ಲ" ಅನ್ನುವಂತೆ.

ಹೊರಗೆ ಅಳು ಜೋರಾಯಿತು. ಅವಳು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಓಡಿದಳು. ತೆರೆದ ಬಾಗಿಲಿನ ಗಾಳಿಗೆ ಬಾವಲಿಯ ಬಾಯಿ ಇದ್ದಂತೆಯೇ ಒಣಗತೊಡಗಿತು.